ಎರಡು ಹಾಡುಗಳ ನಡುವಿನ ಹೊತ್ತು

ತಂಗಿಯ ಮಗಳು ಇತ್ತೀಚೆಗೆ ನನ್ನನ್ನು ಬೆಂಗಳೂರಿನ ಒಂದು ಕಾಮಿಡಿ ಶೋಗೆ ಕರೆದುಕೊಂಡು ಹೋಗಿದ್ದಳು. ಸಣ್ಣ ಜಾಗ. ಐವತ್ತು ಅರವತ್ತು ಕುರ್ಚಿ, ಒಂದು ಮೈಕು, ಒಂದು ಎತ್ತರದ ಸ್ಟೂಲು, ಅದರ ಮೇಲೆ ನೀರಿನ ಬಾಟ್ಲಿ. ನಾಲ್ಕೈದು ಹುಡುಗ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಬಂದು ಕನ್ನಡದಲ್ಲಿ ಮಾತಾಡಿದರು. ಪಿಜಿ ಊಟ, ಆಫೀಸಿನ ಮ್ಯಾನೇಜರ್, ಮದುವೆ ಯಾವಾಗ ಅಂತ ಬೆನ್ನು ಹತ್ತುವ ನೆಂಟರು. ಚೆನ್ನಾಗಿತ್ತು. ಮನಸಾರೆ ನಕ್ಕೆ. ಆದರೆ ಶುರುವಿನಲ್ಲಿ ನಿರೂಪಣೆ ಮಾಡಿದ ಹುಡುಗ ಒಂದು ಮಾತು ಹೇಳಿದ. ಸ್ಟ್ಯಾಂಡ್ ಅಪ್ ಕಾಮಿಡಿ ನಮ್ಮ ದೇಶಕ್ಕೆ ಬಂದು ಹದಿನೈದು ವರ್ಷ ಆಗಿರಬಹುದು, ಅದಕ್ಕೂ ಮೊದಲು ಇಲ್ಲಿ ಅಂಥದ್ದೇನೂ ಇರಲಿಲ್ಲ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಮಾತು ನುಂಗಲಾಗಲಿಲ್ಲ. ವಾಪಸ್ ಬರುವಾಗ ಮೆಟ್ರೋದಲ್ಲಿ "ಹಾಗಾದ್ರೆ ಜಾನಿ ಲಿವರ್ ಏನು ಮಾಡ್ತಿದ್ರು?" ಅಂತ ಅವಳನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅವರು ಆಕ್ಟರ್ ಅಲ್ವಾ ಮಾಮಾ?" ಅಂದಳು.

ಅವಳು ಕೇಳಿದ್ದು ಸಹಜವೇ. ಅವಳಿಗೆ ಗೊತ್ತಿರುವುದು ಟಿವಿಯಲ್ಲಿ ಬರುವ ಹಳೇ ಹಿಂದಿ ಸಿನಿಮಾಗಳ ಜಾನಿ. ಕಣ್ಣು ಅಗಲ ಮಾಡಿ, ಬಾಯಿ ಸೊಟ್ಟ ಮಾಡಿ, ಓಡಿ ಬಂದು ಬೀಳುವ ಮನೆಗೆಲಸದವನು, ಡ್ರೈವರು, ಹೋಟೆಲ್ ನೌಕರ. ನಿರೂಪಕ ಹುಡುಗನನ್ನೂ ನಾನು ದೂರುವುದಿಲ್ಲ. ಟಿಕೆಟ್ ಕೊಂಡು ಕೂರುವ ಕ್ಲಬ್ಬು, ಒಬ್ಬನೇ ನಿಂತು ತನ್ನ ಬದುಕನ್ನೇ ಹೇಳುವ ರೀತಿ, ಇವು ನಮ್ಮಲ್ಲಿ ಬೇರೂರಿದ್ದು ಈಚೆಗೇ. ಮುಂಬೈಯಲ್ಲಿ ದಿ ಕಾಮಿಡಿ ಸ್ಟೋರ್ ತೆರೆದದ್ದು 2010ರಲ್ಲಿ. ಅಲ್ಲಿಂದ ಎಣಿಸಿದರೆ ಅವನ ಲೆಕ್ಕ ಸರಿಯೇ ಇದೆ. ಆದರೆ ಒಬ್ಬ ಮನುಷ್ಯ ಒಂದು ಮೈಕು ಹಿಡಿದು, ಸೆಟ್ಟಿಲ್ಲದೆ, ಜೊತೆಗಾರನಿಲ್ಲದೆ, ಸಾವಿರಾರು ಜನರನ್ನು ನಗಿಸುವುದು ಇಲ್ಲಿ ಯಾವಾಗಿನಿಂದಲೋ ನಡೆದಿತ್ತು. ಅದು ನಡೆಯುತ್ತಿದ್ದ ಜಾಗಕ್ಕೆ ಕ್ಲಬ್ ಎಂಬ ಹೆಸರಿರಲಿಲ್ಲ, ಅಷ್ಟೇ. ಅದು ನಡೆಯುತ್ತಿದ್ದದ್ದು ಆರ್ಕೆಸ್ಟ್ರಾಗಳಲ್ಲಿ, ಎರಡು ಹಾಡುಗಳ ನಡುವೆ.

ಜಾನಿ ಲಿವರ್ ಬಗ್ಗೆ ಬರೆಯಬೇಕು ಅಂತ ಆವತ್ತೇ ಅನ್ನಿಸಿತು. ಅವರ ಬದುಕಿನ ಕೆಲಸವನ್ನೆಲ್ಲ ಸಾಲಾಗಿ ಇಟ್ಟು ನೋಡಿ. ರಸ್ತೆಯಲ್ಲಿ ಪೆನ್ನು ಮಾರಿದ್ದು, ಫ್ಯಾಕ್ಟರಿಯಲ್ಲಿ ಕೂಲಿ, ಮಿಮಿಕ್ರಿ, ಆರ್ಕೆಸ್ಟ್ರಾ, ಕ್ಯಾಸೆಟ್, ಜಾಹೀರಾತು, 300ಕ್ಕೂ ಹೆಚ್ಚು ಸಿನಿಮಾ, ಟಿವಿ, ಮತ್ತೆ ವೇದಿಕೆ. ಇಷ್ಟು ಬಗೆಯ ಕೆಲಸ ಮಾಡಿದವರನ್ನು ನಾವು ಒಂದೇ ಖಾನೆಯಲ್ಲಿ ಹಾಕಿ ಮುಗಿಸಿದ್ದೇವೆ. ಅವರ ನಿಜವಾದ ದೊಡ್ಡ ಕೆಲಸ ಸಿನಿಮಾದಲ್ಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದು ಯಾಕೆ ಅಂತ ಹೇಳಲು ಮೊದಲು ಹುಬ್ಬಳ್ಳಿಗೆ ಹೋಗಬೇಕು.

ಐದು ನಿಮಿಷ ಹಿಡಿದಿಟ್ಕೋ

ನನ್ನ ಸೋದರಮಾವ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಎಂಬತ್ತರ ದಶಕದ ಕೊನೆ. ಗಣಪತಿ ಹಬ್ಬ ಬಂತೆಂದರೆ ಅವನಿಗೆ ನಿದ್ದೆ ಇರುತ್ತಿರಲಿಲ್ಲ. ಇವತ್ತು ಈ ಓಣಿ, ನಾಳೆ ಆ ಓಣಿ, ನಾಡಿದ್ದು ಗದಗ, ಆಮೇಲೆ ರಾಣೆಬೆನ್ನೂರು. ರಜೆ ಇದ್ದರೆ ನಾನೂ ಅವನ ಹಿಂದೆ ವೈರು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದೆ. ಹಾಡುಗಾರರು ಮೂವರು, ರಿದಮ್ ಪ್ಯಾಡಿಗೆ ಒಬ್ಬ, ತಬಲಾ ಢೋಲಕ್ ಎರಡಕ್ಕೂ ಒಬ್ಬನೇ, ಗಿಟಾರಿಗೆ ಒಬ್ಬ. ಇವರ ಜೊತೆ ಒಬ್ಬ ಮಿಮಿಕ್ರಿಯವನು. ಪೋಸ್ಟರಿನಲ್ಲಿ ಅವನ ಹೆಸರು ಎಲ್ಲರ ಕೆಳಗೆ, ಸಣ್ಣ ಅಕ್ಷರದಲ್ಲಿ. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಸಂಜೆಯಾದರೆ ಒಂದು ಕರಿ ಕೋಟು ಹಾಕಿಕೊಂಡು ಬರುತ್ತಿದ್ದ.

ಅವನಿಗೆ ಕಾರ್ಯಕ್ರಮದಲ್ಲಿ ಗೊತ್ತಾದ ಹೊತ್ತು ಅಂತ ಇರಲಿಲ್ಲ. ಕುಣಿಸುವ ಹಾಡು ಮುಗಿದು ಗಾಯಕಿಗೆ ಉಸಿರು ಬೇಕಾದಾಗ, ಪ್ಯಾಡಿನ ಕನೆಕ್ಷನ್ ಕೈಕೊಟ್ಟಾಗ, ತಬಲಾದ ಶ್ರುತಿ ಇಳಿದಾಗ, ಸಂಘಟಕರು ಪಕ್ಕದಿಂದ ಕೈ ಮಾಡುತ್ತಿದ್ದರು. "ಐದ್ ನಿಮಿಷ ಹಿಡಿದಿಟ್ಕೋ." ಅವನು ಓಡಿ ಬಂದು ಮೈಕು ಹಿಡಿಯುತ್ತಿದ್ದ. ಆ ಐದು ನಿಮಿಷ ಕೆಲವೊಮ್ಮೆ ಅರ್ಧ ಗಂಟೆ ಆಗುತ್ತಿತ್ತು. ಕೆಲವೊಮ್ಮೆ ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು. ಅತಿಥಿಗಳು ಬಂದರೆ ನಗೆ ಮಾತಿನ ಅರ್ಧದಲ್ಲೇ ಅವನ ಕೈಯಿಂದ ಮೈಕು ಕಿತ್ತುಕೊಂಡು, ಹಾರ ಹಾಕಿ, ಭಾಷಣ ಮಾಡಿಸಿ, ಮತ್ತೆ ಅವನ ಕೈಗೆ ಕೊಡುತ್ತಿದ್ದರು. ಅವನು ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದ. ಅಷ್ಟೊತ್ತಿಗೆ ಜನ ಆರಿಹೋಗಿರುತ್ತಿದ್ದರು. ಅವರನ್ನು ಮತ್ತೆ ಕಾಯಿಸುವುದು ಎಷ್ಟು ಕಷ್ಟ ಅಂತ ವೇದಿಕೆ ಹತ್ತಿದವರಿಗೇ ಗೊತ್ತು.

ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ದುರ್ಗದ ಬೈಲಿನ ಹತ್ತಿರದ ಒಂದು ಓಣಿ. ಜನ ಕಟ್ಟೆ, ಮಾಳಿಗೆ, ಎಲ್ಲ ಕಡೆ ತುಂಬಿದ್ದರು. ಹಾಡಿನ ನಡುವೆ ಕರೆಂಟ್ ಹೋಯಿತು. ಜನರೇಟರ್ ಇತ್ತು, ಆದರೆ ಅದು ಶುರುವಾಗಲೊಲ್ಲದು. ಕತ್ತಲಲ್ಲಿ ಶಿಳ್ಳೆ, ಕೂಗು. ಹಿಂದಿನಿಂದ ಯಾರೋ ತಳ್ಳಲು ಶುರು ಮಾಡಿದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಎದ್ದರು. ಆಗ ವೇದಿಕೆಯ ಮುಂಭಾಗದಿಂದ ಜನರೇಟರ್ ಸದ್ದು ಕೇಳಿಸಿತು. ಹಗ್ಗ ಎಳೆದ ಹಾಗೆ ಒಂದು ಸರ್ರನೆ ಸದ್ದು. ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಎಳೆದ ಸದ್ದು. ಈ ಸಲ ಹೊತ್ತಿಕೊಂಡು ಡಗಡಗಡಗ ಅಂತ ಓಡತೊಡಗಿತು. ಜನ ಹೋ ಅಂತ ಚಪ್ಪಾಳೆ ತಟ್ಟಿದರು. ಲೈಟು ಮಾತ್ರ ಬರಲಿಲ್ಲ. ಆಮೇಲೆ ಜನರೇಟರ್ ನಿಧಾನವಾಗಿ ರಾಜ್‌ಕುಮಾರ್ ದನಿಯಲ್ಲಿ ಮಾತಾಡಲು ಶುರು ಮಾಡಿತು! ಅಭಿಮಾನಿ ದೇವರುಗಳೇ, ಸ್ವಲ್ಪ ಕೂತ್ಕೊಳ್ಳಿ ಅಂತ. ಇಡೀ ಓಣಿ ನಕ್ಕಿತು. ಎದ್ದವರೆಲ್ಲ ಕೂತರು. ಮೈಕಿಲ್ಲ, ಬೆಳಕಿಲ್ಲ, ಅವನ ಮುಖ ಯಾರಿಗೂ ಕಾಣುತ್ತಿಲ್ಲ. ಬರೀ ಗಂಟಲಿನಿಂದ ಅಷ್ಟು ಜನರನ್ನು ಹಿಡಿದು ಕೂರಿಸಿದ. ವಜ್ರಮುನಿ ಬಂದರು, ಶಂಕರ್‌ನಾಗ್ ಬಂದರು, ಹುಬ್ಬಳ್ಳಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಬಂತು, ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡುವ ಅಜ್ಜಿ ಬಂದಳು. ಕರೆಂಟ್ ಬಂದಾಗ ಜನಕ್ಕೆ ಬೇಜಾರಾಯಿತು.

ಮನೆಗೆ ಹೋಗುವಾಗ ಮಾಮಾನಿಗೆ ಅವನ ಬಗ್ಗೆ ಕೇಳಿದೆ. "ಅಂವ ಇರಲಿಲ್ಲಂದ್ರ ನಮ್ಮ ಪ್ರೋಗ್ರಾಮ್ ನಡಿಯಂಗಿಲ್ಲೋ ತಮ್ಮಾ" ಅಂದ. ಅವನಿಗೆ ಎಷ್ಟು ಕೊಡ್ತಾರೆ ಅಂತ ಕೇಳಿದೆ. ಮಾಮಾ ಮಾತು ಬದಲಿಸಿದ. ಎಲ್ಲರಿಗಿಂತ ಕಡಿಮೆ ಕೊಡುತ್ತಿದ್ದರು ಅಂತ ನನಗೆ ಬಹಳ ವರ್ಷದ ನಂತರ ಗೊತ್ತಾಯಿತು. ಹಾಡುಗಾರರಿಗೆ ಹಾಡಿನ ಲೆಕ್ಕ ಇತ್ತು. ನಗಿಸುವವನಿಗೆ ಲೆಕ್ಕವೇ ಇರಲಿಲ್ಲ. ಯಾಕಂದ್ರೆ ಅವನು ಮಾಡುತ್ತಿದ್ದದ್ದು ಕಾರ್ಯಕ್ರಮ ಅಂತ ಯಾರೂ ಅಂದುಕೊಂಡಿರಲಿಲ್ಲ. ಕಾರ್ಯಕ್ರಮ ನಿಂತಾಗ ಅವನು ಬರುತ್ತಿದ್ದ.

ಸಾಹೇಬರ ಎದುರು ಸಾಹೇಬರು

ಜಾನಿ ಲಿವರ್ ಬಂದದ್ದೂ ಇದೇ ದಾರಿಯಲ್ಲಿ. ಅವರ ನಿಜವಾದ ಹೆಸರು ಜಾನ್ ಪ್ರಕಾಶ್ ರಾವ್ ಜನುಮಾಲ. ಹುಟ್ಟಿದ್ದು 1957ರ ಆಗಸ್ಟ್ 14ರಂದು, ಆಂಧ್ರದ ಕನಿಗಿರಿಯಲ್ಲಿ. ಬೆಳೆದದ್ದು ಮುಂಬೈಯ ಧಾರಾವಿಯಲ್ಲಿ. ಮನೆಗೆ ಹಿರಿಯ ಮಗ. ದುಡ್ಡಿನ ತೊಂದರೆಯಿಂದ ಏಳನೇ ಕ್ಲಾಸಿಗೆ ಶಾಲೆ ಬಿಟ್ಟರು. ರಸ್ತೆಯಲ್ಲಿ ಪೆನ್ನು ಮಾರಿದರು. ಬರೀ ಪೆನ್ನು ಅಂದರೆ ಯಾರು ಕೊಳ್ಳುತ್ತಾರೆ? ಹಿಂದಿ ನಟರ ದನಿಯಲ್ಲಿ ಕೂಗಿ, ಅವರ ಹಾಗೆ ಕುಣಿದು ಮಾರಿದರು. ಅವರ ಮೊದಲ ವೇದಿಕೆ ಅದೇ. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಇಷ್ಟವಾಗದಿದ್ದರೆ ಜನ ನಿಲ್ಲದೆ ನಡೆದುಬಿಡುತ್ತಾರೆ. ಹಾದು ಹೋಗುವವನನ್ನು ನಿಲ್ಲಿಸುವುದು ಕಲಿತವನಿಗೆ ಕೂತವನನ್ನು ನಗಿಸುವುದು ಸುಲಭ ಅನ್ನಿಸಿರಬೇಕು.

ಅವರ ತಂದೆ ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದರು. ಮಗನೂ ಅಲ್ಲಿಗೇ ಕೂಲಿಯಾಗಿ ಸೇರಿದ. ಭಾರದ ಡ್ರಮ್ಮುಗಳನ್ನು ಸಾಗಿಸುವ ಕೆಲಸ. ಅಲ್ಲಿ ಒಂದು ಕಾರ್ಯಕ್ರಮದಲ್ಲಿ ಈ ಹುಡುಗ ವೇದಿಕೆ ಹತ್ತಿ ಕಂಪನಿಯ ದೊಡ್ಡ ಅಧಿಕಾರಿಗಳ ಅಣಕು ಮಾಡಿದ. ಕೆಲಸಗಾರರು ಕುಣಿದಾಡಿದರು. ಇವನು ನಮ್ಮ ಜಾನಿ ಲಿವರ್ ಅಂತ ಅವತ್ತೇ ಹೆಸರಿಟ್ಟರು. ಎಷ್ಟೋ ಜನ ಈ ಕಥೆಯನ್ನು ಹೆಸರು ಹೇಗೆ ಬಂತು ಅಂತ ಹೇಳುವುದಕ್ಕಷ್ಟೇ ಹೇಳಿ ಮುಂದೆ ಹೋಗುತ್ತಾರೆ. ನಾನು ಇಲ್ಲೇ ನಿಲ್ಲುತ್ತೇನೆ.

ಯೋಚಿಸಿ ನೋಡಿ. ಅಲ್ಲಿಯವರೆಗೆ ಅವರು ಸಿನಿಮಾ ನಟರ ದನಿ ತೆಗೆಯುತ್ತಿದ್ದರು. ಅದು ಎಲ್ಲ ಮಿಮಿಕ್ರಿಯವರೂ ಮಾಡುವ ಕೆಲಸ. ನಟನ ದನಿ ಎಲ್ಲರಿಗೂ ಗೊತ್ತು, ಅದನ್ನು ಸಿನಿಮಾ ನೋಡಿ ಕಲಿಯಬಹುದು. ಆದರೆ ಫ್ಯಾಕ್ಟರಿಯ ಅಧಿಕಾರಿಯನ್ನು ಅಣಕಿಸಬೇಕಾದರೆ ಅವನನ್ನು ದಿನಾ ನೋಡಿರಬೇಕು. ಅವನು ಸಿಟ್ಟಾದಾಗ ಕನ್ನಡಕ ಎಲ್ಲಿಗೆ ಸರಿಯುತ್ತದೆ, ಸುಳ್ಳು ಹೇಳುವಾಗ ಯಾವ ಮಾತು ಎರಡು ಸಲ ಬರುತ್ತದೆ, ತನಗಿಂತ ದೊಡ್ಡವನು ಬಂದಾಗ ಬೆನ್ನು ಎಷ್ಟು ಬಾಗುತ್ತದೆ. ಡ್ರಮ್ಮು ಹೊರುವವನ ಕಡೆಗೆ ಅಧಿಕಾರಿ ಕಣ್ಣೆತ್ತಿ ನೋಡುವುದು ಅಪರೂಪ. ಡ್ರಮ್ಮು ಹೊರುವವನಿಗೆ ಮಾತ್ರ ಅಧಿಕಾರಿಯ ಪ್ರತಿ ಚಲನೆ ಗೊತ್ತಿರುತ್ತದೆ, ಗೊತ್ತಿರಲೇಬೇಕು. ಆ ನೋಟವನ್ನು ವೇದಿಕೆಗೆ ತಂದಾಗ ಕೆಲಸ ಹೋಗುವ ಭಯವೂ ಇದ್ದಿರಲೇಬೇಕು. ಮನೆಯಲ್ಲಿ ಅಷ್ಟು ಹೊಟ್ಟೆಗಳಿದ್ದವು. ಆದರೂ ಮಾಡಿದರು. ನನ್ನ ಪ್ರಕಾರ ಸ್ಟ್ಯಾಂಡ್ ಅಪ್ ಅನ್ನುವುದು ಅದೇ. ತನ್ನ ಬದುಕಿನ ಒಳಗಿಂದ ಒಂದನ್ನು ಎತ್ತಿ, ಅದೇ ಬದುಕು ಬದುಕುವವರ ಮುಂದೆ ಇಟ್ಟು ನಗಿಸುವುದು. ಇಂದಿನ ಹುಡುಗ ತನ್ನ ಮ್ಯಾನೇಜರ್ ಬಗ್ಗೆ ಹೇಳುತ್ತಾನಲ್ಲ, ಜಾನಿ ಅದನ್ನು ಮ್ಯಾನೇಜರ್ ಇರುವ ಫ್ಯಾಕ್ಟರಿಯಲ್ಲೇ ಮಾಡಿದರು.

ಆಮೇಲೆ ಆರ್ಕೆಸ್ಟ್ರಾಗಳು. ಹಗಲು ಫ್ಯಾಕ್ಟರಿ, ರಾತ್ರಿ ವೇದಿಕೆ. ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ ಆನಂದ್‌ಜಿ ಅವರ ತಂಡಕ್ಕೆ ಸೇರಿದರು. ಆ ಅಣ್ಣ ತಮ್ಮಂದಿರು ಸಿನಿಮಾ ಹಾಡುಗಳ ದೊಡ್ಡ ಸ್ಟೇಜ್ ಶೋಗಳನ್ನು ದೇಶ ವಿದೇಶಗಳಲ್ಲಿ ನಡೆಸುತ್ತಿದ್ದರು. ಶೋ ಜಾಸ್ತಿಯಾದಂತೆ ಫ್ಯಾಕ್ಟರಿಗೆ ಗೈರುಹಾಜರಿಯೂ ಜಾಸ್ತಿಯಾಯಿತು. 1981ರಲ್ಲಿ ಕೆಲಸ ಬಿಟ್ಟರು. ಮರುವರ್ಷ ಅಮಿತಾಭ್ ಬಚ್ಚನ್ ಜೊತೆ ವಿದೇಶ ಪ್ರವಾಸ. 'ಹಸೀ ಕೆ ಹಂಗಾಮೆ' ಎಂಬ ಕ್ಯಾಸೆಟ್ ಬಂತು. ಶೇಖರ್ ಕಪೂರ್ ನಿರ್ದೇಶಿಸಿದ ಕಛುವಾ ಛಾಪ್ ಸೊಳ್ಳೆಬತ್ತಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಸಣ್ಣ ಪುಟ್ಟ ಸಿನಿಮಾ ಪಾತ್ರಗಳೂ ಸಿಕ್ಕವು. ಸುನಿಲ್ ದತ್ 1982ರಲ್ಲೇ 'ದರ್ದ್ ಕಾ ರಿಶ್ತಾ' ಚಿತ್ರದಲ್ಲಿ ಅವಕಾಶ ಕೊಟ್ಟಿದ್ದರು.

ಆದರೆ ಹಿಂದಿ ಚಿತ್ರರಂಗ ಅವರನ್ನು ಸರಿಯಾಗಿ ನೋಡಿದ್ದು 1986ರಲ್ಲಿ. 'ಹೋಪ್ 86' ಎಂಬ ಸಹಾಯಾರ್ಥ ಕಾರ್ಯಕ್ರಮ. ದೊಡ್ಡ ದೊಡ್ಡ ನಟರೆಲ್ಲ ಸೇರಿದ್ದರು. ಜಾನಿಗೆ ಅಲ್ಲಿದ್ದ ಕೆಲಸ ಏನು ಗೊತ್ತಾ? ಕಾರ್ಯಕ್ರಮಗಳ ನಡುವಿನ ಖಾಲಿ ಹೊತ್ತು ತುಂಬುವುದು. ಹುಬ್ಬಳ್ಳಿಯ ಓಣಿಯಲ್ಲಿ ನಮ್ಮ ಕರಿ ಕೋಟಿನವನಿಗೆ ಇದ್ದ ಅದೇ ಕೆಲಸ. ಜಾನಿ ಆ ಖಾಲಿ ಹೊತ್ತಿನಲ್ಲೇ ಇಡೀ ಚಿತ್ರರಂಗವನ್ನು ನಗಿಸಿದರು. ನಿರ್ಮಾಪಕ ಗುಲ್ ಆನಂದ್ ತಮ್ಮ 'ಜಲ್ವಾ' ಚಿತ್ರದಲ್ಲಿ ನಸೀರುದ್ದೀನ್ ಶಾ ಜೊತೆ ಪಾತ್ರ ಕೊಟ್ಟರು. ಮುಖ್ಯ ಕಾರ್ಯಕ್ರಮದಲ್ಲಿ ಅವತ್ತು ಯಾರು ಏನು ಮಾಡಿದರು ಅಂತ ಈಗ ಎಷ್ಟು ಜನಕ್ಕೆ ನೆನಪಿದೆಯೋ! ನನಗಂತೂ ಹೋಪ್ 86 ಅಂದರೆ ಜಾನಿ.

ವಿಡಿಯೋ ಕೋಚಿನ ಬಾಬುಲಾಲ್

'ಬಾಜಿಗರ್' ಬಂದದ್ದು 1993ರಲ್ಲಿ. ನಾನು ಅದನ್ನು ನೋಡಿದ್ದು ಟಾಕೀಸಿನಲ್ಲಲ್ಲ, ಹುಬ್ಬಳ್ಳಿಯಿಂದ ಮುಂಬೈಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ಆಗ ವಿಡಿಯೋ ಕೋಚ್ ಅಂದರೆ ದೊಡ್ಡ ಆಕರ್ಷಣೆ. ಡ್ರೈವರ್ ಹಿಂದೆ ಮೇಲೆ ಕಟ್ಟಿದ ಟಿವಿ, ಬಸ್ಸು ಕುಣಿದಾಗೆಲ್ಲ ಕುಣಿಯುವ ಚಿತ್ರ, ಗಾಳಿಯಲ್ಲಿ ಅರ್ಧ ಹಾರಿಹೋಗುವ ಮಾತು. ಧಾರವಾಡ ದಾಟುವ ಹೊತ್ತಿಗೆ ಸಿನಿಮಾ ಶುರುವಾಯಿತು. ಸೇಡಿನ ಕಥೆ. ಮಾಳಿಗೆಯ ಮೇಲಿಂದ ಹುಡುಗಿಯನ್ನು ತಳ್ಳುವ ದೃಶ್ಯ ಬಂದಾಗ ಬಸ್ಸು ಉಸಿರು ಬಿಗಿ ಹಿಡಿದಿತ್ತು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರಿಗೆ ಹಿಂದಿ ಬರುತ್ತಿರಲಿಲ್ಲ. ಬೆಳಗಾವಿ ಕಡೆಯವರು, ಕೈಯಲ್ಲಿ ಬುತ್ತಿ ಗಂಟು. ಕಣ್ಣು ಮುಚ್ಚಿ ಕೂತಿದ್ದರು. ಬಾಬುಲಾಲ್ ಬಂದಾಗ ಮಾತ್ರ ಕಣ್ಣು ಬಿಡುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ! ಬಹುಶಃ ಬಸ್ಸಿನ ನಗು ಕೇಳಿ. ಬಾಬುಲಾಲ್ ಮನೆಗೆಲಸದವನು, ಎಲ್ಲ ಮರೆಯುವವನು. ಅನಾರ್ಕಲಿ ಮತ್ತು ಐಸ್‌ಕ್ರೀಮಿನ ಆ ಫೋನ್ ಮಾತು ನಿಮಗೂ ನೆನಪಿರಬಹುದು. ಆ ಹಿರಿಯರಿಗೆ ಒಂದು ಅಕ್ಷರ ಅರ್ಥವಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ "ಈ ಹುಡುಗ ಮತ್ತ ಯಾವಾಗ ಬರ್ತಾನ?" ಅಂತ ಕೇಳಿದರು. ಕಥೆ ಏನು ಅಂತ ಕೇಳಲಿಲ್ಲ.

ಆ ಚಿತ್ರದಲ್ಲಿ ತಮ್ಮ ಪಾತ್ರಕ್ಕೆ ಯಾರೂ ಕಾಮಿಡಿ ಬರೆದುಕೊಟ್ಟಿರಲಿಲ್ಲ, ಸೆಟ್ಟಿನಲ್ಲೇ ಕಟ್ಟಿಕೊಂಡೆ ಅಂತ ಜಾನಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಿರ್ದೇಶಕರಾದ ಅಬ್ಬಾಸ್ ಮಸ್ತಾನ್ ಅವರಿಗೆ ಆ ಸ್ವಾತಂತ್ರ್ಯ ಕೊಟ್ಟರು. ಇದನ್ನು ಕೇಳಿದಾಗ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಖುಷಿ ಯಾಕಂದ್ರೆ ಅದು ಪೂರ್ತಿ ಅವರದ್ದೇ. ಸಂಕಟ ಯಾಕಂದ್ರೆ ತೆರೆಯ ಮೇಲೆ ಸಂಭಾಷಣೆಕಾರರ ಹೆಸರಿನಲ್ಲಿ ಅವರ ಹೆಸರಿಲ್ಲ. ವೇದಿಕೆಯ ಮೇಲೆ ಅವರೇ ಬರೆದು, ಅವರೇ ತಿದ್ದಿ, ಅವರೇ ಆಡಿದ ಮಾತು. ಸಿನಿಮಾಕ್ಕೆ ಬಂದಾಗಲೂ ಆ ಮೂರೂ ಕೆಲಸ ಮಾಡಿದರು. ಹೆಸರು ಮತ್ತು ಸಂಬಳ ಸಿಕ್ಕಿದ್ದು ಮೂರನೆಯದಕ್ಕೆ ಮಾತ್ರ. ಮೊದಲ ಎರಡನ್ನು ಸಿನಿಮಾ ಸುಮ್ನೆ ತೆಗೆದುಕೊಂಡಿತು.

'ಬಾಜಿಗರ್' ಗೆದ್ದ ಮೇಲೆ ಜಾನಿ ಇಲ್ಲದ ದೊಡ್ಡ ಹಿಂದಿ ಚಿತ್ರ ಹುಡುಕುವುದು ಕಷ್ಟವಾಯಿತು. 'ಕರಣ್ ಅರ್ಜುನ್', 'ರಾಜಾ ಹಿಂದೂಸ್ತಾನಿ', 'ಇಶ್ಕ್', 'ಕುಛ್ ಕುಛ್ ಹೋತಾ ಹೈ', 'ಬಾದ್‌ಶಾ'. 'ದೀವಾನಾ ಮಸ್ತಾನಾ' ಮತ್ತು 'ದುಲ್ಹೆ ರಾಜಾ' ಚಿತ್ರಗಳಿಗೆ ಎರಡು ಫಿಲ್ಮ್‌ಫೇರ್ ಪ್ರಶಸ್ತಿ ಬಂದವು. ನಾನು ಇವುಗಳಲ್ಲಿ ಹಲವನ್ನು ಮತ್ತೆ ನೋಡಿದ್ದೇನೆ. ಪ್ರಾಮಾಣಿಕವಾಗಿ ಹೇಳುವುದಾದರೆ ಕೆಲವನ್ನು ಈಗ ನೋಡುವುದು ಕಷ್ಟ. ಮೈಬಣ್ಣದ ಮೇಲೆ, ಉಗ್ಗುವುದರ ಮೇಲೆ, ದಪ್ಪ ಇರುವುದರ ಮೇಲೆ ಕಟ್ಟಿದ ನಗು ಆಗಿನ ಹಿಂದಿ ಸಿನಿಮಾದಲ್ಲಿ ತುಂಬಿತ್ತು. ಅದಕ್ಕೆ ಅವರ ಮುಖವನ್ನೂ ಬಳಸಿಕೊಂಡರು. ಅವರ ವೇದಿಕೆಯ ಕೆಲಸವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ವೇದಿಕೆಯಲ್ಲಿ ಅವರು ಜನರನ್ನು ಗಮನಿಸಿ ಮಾಡುತ್ತಾರೆ. ಸಿನಿಮಾದಲ್ಲಿ ಎಷ್ಟೋ ಸಲ ಅವರಿಗೆ ಗಮನಿಸಲು ಮನುಷ್ಯರನ್ನೇ ಕೊಡಲಿಲ್ಲ. ಬರೀ ಬೀಳು, ಏಳು, ಕಿರುಚು.

ಹಾಗಲ್ಲದ ಒಂದು ಪಾತ್ರ ಹೇಳುತ್ತೇನೆ. 2001ರ 'ಲವ್ ಕೆ ಲಿಯೆ ಕುಛ್ ಭೀ ಕರೇಗಾ'. ಅದರಲ್ಲಿ ಜಾನಿ ಅಸ್ಲಂ ಭಾಯಿ, ಸಿನಿಮಾ ನಟನಾಗುವ ಹುಚ್ಚು ಹಿಡಿದ ಡಾನ್. ಎದುರಿಗಿರುವವರು ಭಯಕ್ಕೆ ಹೊಗಳುತ್ತಾರೆ, ಇವನು ಅದನ್ನು ನಿಜ ಅಂತ ನಂಬುತ್ತಾನೆ. ಆ ನಂಬಿಕೆಯಲ್ಲಿ ಒಂದು ಮಗುವಿನಂಥ ಆಸೆ ಇದೆ. ಜನ ತನ್ನನ್ನು ಪರದೆಯ ಮೇಲೆ ನೋಡಬೇಕು ಅನ್ನುವ ಆಸೆ. ಧಾರಾವಿಯಲ್ಲಿ ಬೆಳೆದು, ಸಿನಿಮಾ ನಟರ ಹಾಗೆ ಕುಣಿದು ಪೆನ್ನು ಮಾರಿದ ಒಬ್ಬನಿಗೆ ಆ ಆಸೆ ಎಂಥದ್ದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ಹತ್ತು ಪಾತ್ರ ಅವರಿಗೆ ಸಿಕ್ಕಿದ್ದರೆ ನನ್ನ ತಂಗಿಯ ಮಗಳು ಅವರ ಬಗ್ಗೆ ಬೇರೆಯೇ ರೀತಿಯಲ್ಲಿ ಮಾತಾಡುತ್ತಿದ್ದಳು.

(ಇಲ್ಲೊಂದು ಮಾತು. 'ಬಾಜಿಗರ್' ಚಿತ್ರದಲ್ಲಿ ರಾಜು ಶ್ರೀವಾಸ್ತವ್ ಕೂಡ ಒಂದು ಸಣ್ಣ ಪಾತ್ರದಲ್ಲಿ ಬಂದು ಹೋಗುತ್ತಾರೆ. ಹೆಚ್ಚಿನವರು ಗಮನಿಸುವುದೇ ಇಲ್ಲ. ಅವರನ್ನು ದೇಶ ಗುರುತಿಸಿದ್ದು 2005ರಲ್ಲಿ, ಟಿವಿಯ 'ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್' ಬಂದಾಗ. ಅವರಿಗೆ ಒಂದು ಮೈಕು ಮತ್ತು ಪೂರ್ತಿ ವೇದಿಕೆ ಸಿಗಲು ಅಷ್ಟು ವರ್ಷ ಬೇಕಾಯಿತು. 2022ರಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯಲ್ಲಿ ಎಲ್ಲರೂ ಬೇಜಾರು ಮಾಡಿಕೊಂಡರು.)

ಹೀರೋಗಳೇ ನಗಿಸತೊಡಗಿದಾಗ

2000ದ ನಂತರ ಹಿಂದಿ ಸಿನಿಮಾ ಬದಲಾಯಿತು. ಕಾಮಿಡಿಯನ್ನು ಹೀರೋಗಳೇ ಮಾಡತೊಡಗಿದರು. ಕಥೆಯ ಪಕ್ಕದಲ್ಲಿ ಓಡುತ್ತಿದ್ದ ಕಾಮಿಡಿ ಟ್ರ್ಯಾಕ್ ಮಾಯವಾಯಿತು. ನಿರೂಪಣೆಯ ದೃಷ್ಟಿಯಿಂದ ಇದು ಒಳ್ಳೆಯದೇ ಇರಬಹುದು. ಆದರೆ ಅದರಿಂದ ಒಂದು ಇಡೀ ವರ್ಗದ ಕಲಾವಿದರ ಅನ್ನ ಹೋಯಿತು. ಫಿಲ್ಮ್‌ಫೇರ್ ಕೂಡ ಹಾಸ್ಯ ಪಾತ್ರದ ಪ್ರಶಸ್ತಿಯನ್ನು 2007ರ ನಂತರ ನಿಲ್ಲಿಸಿತು. ತಮ್ಮ ದೃಶ್ಯಗಳಿಗೆ ಜಾಸ್ತಿ ಚಪ್ಪಾಳೆ ಬಿದ್ದಾಗ ಕೆಲವು ನಟರಿಗೆ ಇರುಸುಮುರುಸಾಗುತ್ತಿತ್ತು, ದೃಶ್ಯ ಕತ್ತರಿಸಿದ್ದೂ ಇದೆ ಅಂತ ಜಾನಿ ಹೇಳಿಕೊಂಡಿದ್ದಾರೆ. ಯಾರ ಹೆಸರನ್ನೂ ಹಿಡಿದು ಜಗಳ ಮಾಡಲಿಲ್ಲ.

ಸಿನಿಮಾ ಕಡಿಮೆಯಾದಾಗ ಅವರು ಏನು ಮಾಡಿದರು? ಲೈವ್ ಶೋ ಮಾಡಿದರು. ದೇಶದಲ್ಲಿ, ಹೊರಗೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಬರೀ ಸಿನಿಮಾ ನಟನಾಗಿದ್ದರೆ ಫೋನ್ ಬರುವುದನ್ನು ಕಾಯುತ್ತಾ ಕೂರಬೇಕಿತ್ತು. ವೇದಿಕೆಯವನಿಗೆ ಇನ್ನೊಬ್ಬರ ಅಪ್ಪಣೆ ಬೇಡ. ಮುಂಬೈಯ ಮಿಮಿಕ್ರಿ ಕಲಾವಿದರ ಸಂಘದ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು. ಆಮೇಲೆ 2010ರ 'ಗೋಲ್‌ಮಾಲ್ 3'ರಲ್ಲಿ ಪಪ್ಪಿ ಭಾಯಿಯಾಗಿ ಬಂದು ಹೊಸ ಪೀಳಿಗೆಯನ್ನು ನಗಿಸಿದರು. ಅದೂ ಮರೆವಿನ ಪಾತ್ರವೇ! 2019ರಲ್ಲಿ ನಮ್ಮ ಕನ್ನಡದ 'ಗರ' ಚಿತ್ರದಲ್ಲೂ ನಟಿಸಿದರು. ಅರವತ್ತು ದಾಟಿದ ಮೇಲೆ ಹೊಸ ಭಾಷೆಯ ಸಿನಿಮಾ ಒಪ್ಪಿಕೊಳ್ಳುವ ಹುಮ್ಮಸ್ಸು ಅದು.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಅವರ ಮಗಳು ಜೇಮಿ ಲಿವರ್ ಸ್ಟ್ಯಾಂಡ್ ಅಪ್ ಶುರು ಮಾಡಿದ್ದು 2012ರಲ್ಲಿ, ನಾನು ಮೊದಲೇ ಹೇಳಿದ ಅದೇ ಮುಂಬೈಯ ಕಾಮಿಡಿ ಸ್ಟೋರ್‌ನಲ್ಲಿ. ಅಪ್ಪ ರಸ್ತೆಯಲ್ಲಿ, ಫ್ಯಾಕ್ಟರಿಯಲ್ಲಿ, ಆರ್ಕೆಸ್ಟ್ರಾದಲ್ಲಿ ಕಲಿತದ್ದನ್ನು ಮಗಳು ಕ್ಲಬ್ಬಿನ ಮೈಕಿಗೆ ತಂದರು. ಅವರ ಮಿಮಿಕ್ರಿ ನೋಡಿ. ಒಬ್ಬ ಗಾಯಕಿಯ ದನಿ ತೆಗೆಯುವಾಗ ದನಿಯ ಜೊತೆಗೆ ಅವರ ಕತ್ತು, ಬೆರಳು, ಉಸಿರು ಎಲ್ಲ ಬರುತ್ತವೆ. ಡ್ರಮ್ಮು ಹೊರುತ್ತಾ ಅಧಿಕಾರಿಯನ್ನು ನೋಡುತ್ತಿದ್ದ ಕಣ್ಣು ಅದು. 'ಹೌಸ್‌ಫುಲ್ 4' ಚಿತ್ರದಲ್ಲಿ ಅಪ್ಪ ಮಗಳು ಇಬ್ಬರೂ ಇದ್ದಾರೆ. ಕ್ಲಬ್ಬಿನವರು ಬೇರೆ, ಆರ್ಕೆಸ್ಟ್ರಾದವರು ಬೇರೆ ಅಂತ ನಾವು ಗೆರೆ ಎಳೆಯುತ್ತೇವೆ. ಆ ಮನೆಯಲ್ಲಿ ಅಂಥ ಗೆರೆ ಇಲ್ಲ.

ನಮ್ಮ ಕಡೆಯ ಮಾತು

ಇದು ಬರೀ ಮುಂಬೈಯ ಕಥೆಯಲ್ಲ. ನಮ್ಮ ನರಸಿಂಹರಾಜು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. 1954ರ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದಾಗ ಅವರ ಹಿಂದೆ ವರ್ಷಗಟ್ಟಲೆ ವೇದಿಕೆ ಇತ್ತು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಅವರ ಟೈಮಿಂಗ್ ಒಮ್ಮೆಯೂ ತಪ್ಪಿದ್ದು ನಾನು ನೋಡಿಲ್ಲ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದ ನಡುವೆ ಕಥೆ ಬಿಟ್ಟು ಜನರ ಜೊತೆ ನೇರ ಮಾತಿಗಿಳಿಯುತ್ತಿದ್ದರು. ಆ ದಿನದ ರಾಜಕೀಯ ಆ ದಿನವೇ ವೇದಿಕೆಗೆ ಬರುತ್ತಿತ್ತು. ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದು ಬೈಯುತ್ತಿದ್ದರು. ಅದು ಸ್ಟ್ಯಾಂಡ್ ಅಪ್ ಅಲ್ಲದೆ ಇನ್ನೇನು? ಮಿಮಿಕ್ರಿ ದಯಾನಂದ್, ಗಂಗಾವತಿ ಪ್ರಾಣೇಶ್, ಪ್ರೊಫೆಸರ್ ಕೃಷ್ಣೇಗೌಡರು, ಇವರ ಹಾಸ್ಯ ಕೇಳಲು ಊರಿಗೆ ಊರೇ ಸೇರುತ್ತದೆ. ಬೆಂಗಳೂರಿನ ಹೊಸ ಹುಡುಗರು ಕನ್ನಡದಲ್ಲೇ ಶೋ ಮಾಡುತ್ತಿರುವುದು ನನ್ನಂಥವರಿಗೆ ದೊಡ್ಡ ಸಂತೋಷ. ಅವರು ಈ ಹಿರಿಯರನ್ನು ತಮ್ಮವರು ಅಂತ ಹೇಳಿಕೊಂಡರೆ ಸಂತೋಷ ಇನ್ನೂ ಜಾಸ್ತಿಯಾಗುತ್ತದೆ. ಹೀಗೆಲ್ಲ ತಂಗಿಯ ಮಗಳಿಗೆ ಹೇಳಿದೆ. ಅವಳು ಶಾಂತವಾಗಿ ಕೇಳಿ, "ಹಾಗಾದ್ರೆ ಅವರ ಹಳೇ ಶೋಗಳು ಎಲ್ಲಿ ಸಿಗ್ತವೆ ಮಾಮಾ?" ಅಂದಳು. ಸರಿಯಾದ ಪ್ರಶ್ನೆ.

ಸಿನಿಮಾ ಉಳಿಯುತ್ತದೆ. ಯಾವತ್ತು ಬೇಕಾದರೂ ಬಾಬುಲಾಲನನ್ನು ನೋಡಬಹುದು. ವೇದಿಕೆಯ ಮಾತು ಉಳಿಯುವುದಿಲ್ಲ. ಉಳಿದಿದ್ದರೆ ಕ್ಯಾಸೆಟ್ಟಿನಲ್ಲಿ ಉಳಿದಿದೆ. ಆಗ ಆರ್ಕೆಸ್ಟ್ರಾ ಶೋಗಳನ್ನು ಸೌಂಡ್ ಸಿಸ್ಟಮ್‌ನವರು ತಮ್ಮ ಪಾಡಿಗೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ಮದುವೆ ವಿಡಿಯೋದವರು ಗಣಪತಿ ಪೆಂಡಾಲಿನಲ್ಲೂ ಕ್ಯಾಮೆರಾ ಹಿಡಿಯುತ್ತಿದ್ದರು. ನನ್ನ ಮಾಮಾ ಈಗಿಲ್ಲ. ಅವನ ಟ್ರಂಕಿನಲ್ಲಿ ಹಾಡಿನ ಕ್ಯಾಸೆಟ್‌ಗಳು ಬೇಕಾದಷ್ಟು ಸಿಕ್ಕವು. ನಡುವಿನ ಮಿಮಿಕ್ರಿಯನ್ನು ರೆಕಾರ್ಡ್ ಮಾಡುವಾಗ ನಿಲ್ಲಿಸಿಬಿಟ್ಟಿದ್ದಾರೆ. ಟೇಪು ಉಳಿಸಲು ಇರಬೇಕು. ಒಂದರಲ್ಲಿ ಮಾತ್ರ ನಿಲ್ಲಿಸಲು ತಡವಾಗಿದೆ. ಬಟ್ಟೆ ಅಂಗಡಿಯ ಅಜ್ಜಿ ಚೌಕಾಸಿ ಶುರು ಮಾಡುತ್ತಾಳೆ, ಜನ ನಗುತ್ತಾರೆ, ಅಷ್ಟರಲ್ಲಿ ಟಕ್ ಅಂತ ಬಟನ್ ಒತ್ತಿದ ಸದ್ದು, ಮುಂದಿನ ಹಾಡು.

ಹಾಗಾಗಿ ಓದುವವರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಪೂರ್ತಿ ಕೇಳಿ. ಹಾಡು ಬಂದಾಗ ಮುಂದೆ ಓಡಿಸಿ, ಮಾತು ಬಂದಾಗ ನಿಲ್ಲಿಸಿ ಕೇಳಿ. ಆರ್ಕೆಸ್ಟ್ರಾ ಮಿಮಿಕ್ರಿ, ಊರ ಜಾತ್ರೆಯ ಹಾಸ್ಯ, ಹಿರಣ್ಣಯ್ಯನವರ ನಾಟಕದ ನಡುವಿನ ಮಾತು, ಹುಬ್ಬಳ್ಳಿ, ದಾವಣಗೆರೆ, ಮಂಡ್ಯ, ಎಲ್ಲಿಯದಾದರೂ ಸರಿ. ಟೇಪು ಅಂಟಿಕೊಂಡಿದ್ದರೆ ಬಲವಂತವಾಗಿ ಓಡಿಸಬೇಡಿ, ಹಳೇ ಟೇಪ್ ರಿಪೇರಿ ಮಾಡುವವರ ಹತ್ತಿರ ತೋರಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸಾಕು. ಕಲಾವಿದನ ಹೆಸರು, ಊರು, ವರ್ಷ ಗೊತ್ತಿದ್ದರೆ ಹೇಳಿ ಸೇರಿಸಿ. ನಾನು 'ಹಸೀ ಕೆ ಹಂಗಾಮೆ'ಯ ಹಳೇ ಕ್ಯಾಸೆಟ್ಟನ್ನೂ ಹುಡುಕುತ್ತಿದ್ದೇನೆ. ಅದು ಸಿಕ್ಕಿದ ದಿನ ತಂಗಿಯ ಮಗಳ ಜೊತೆ ಆ ನಿರೂಪಕ ಹುಡುಗನನ್ನೂ ಮನೆಗೆ ಕರೆಯಬೇಕು ಅಂತಿದ್ದೇನೆ.